ಬೀಗ ಮಾಡಿದವನ ಹೊಣೆ ಎಲ್ಲಿ?

ಬ್ಯಾಂಕಿನ ಖಾತೆಯಿಂದ ಹಣ ಮಾಯವಾಯಿತೆಂದು ದೂರು ಕೊಟ್ಟರೆ ಮೊದಲು ಎದುರಾಗುವ ಪ್ರಶ್ನೆ ಒಂದೇ: “ಒಟಿಪಿ ಯಾರಿಗಾದರೂ ಹೇಳಿದಿರಾ?” ಬಳಸುವವರಿಗೆ ಎಚ್ಚರ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಹೊರೆಯನ್ನೆಲ್ಲ ಅವರ ತಲೆಗೇ ಕಟ್ಟಿ, ತಂತ್ರಾಂಶ ಕಟ್ಟಿದವನನ್ನು ಒಂದು ಮಾತೂ ಕೇಳದೆ ಬಿಡುವ ರೂಢಿಯನ್ನು ನಾವು ಒಪ್ಪಲಾರೆವು.

ಭದ್ರವಾದ ತಂತ್ರಾಂಶ ಕಟ್ಟುವುದು ಯಾರಿಗೂ ತಿಳಿಯದ ವಿದ್ಯೆಯೇ? ಅಲ್ಲ. ತೂತು ಕಂಡಲ್ಲೆಲ್ಲ ತೇಪೆ ಹಚ್ಚಿದರೆ ಸಾಲದು, ಭದ್ರತೆಯನ್ನು ತಳಪಾಯದಲ್ಲೇ ಕೂಡಿಸಬೇಕು ಎಂದು ಜೇಮ್ಸ್ ಆಂಡರ್ಸನ್ ಅಮೆರಿಕದ ವಾಯುಪಡೆಗೆ ವರದಿ ಕೊಟ್ಟದ್ದು 1972ರಲ್ಲಿ. ಪ್ರತಿಯೊಂದು ಭಾಗಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂಬ ಸೂತ್ರವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟರು.

ಕೇಳಿದವರಾರು? 1988ರಲ್ಲಿ ಮಾರಿಸ್ ಹುಳು ಸಾವಿರಾರು ಗಣಕಯಂತ್ರಗಳಿಗೆ ನುಗ್ಗಿತು. ಅದು ಹಿಡಿದ ದಾರಿಗಳಲ್ಲೊಂದು, ಬಂದ ಮಾಹಿತಿಯ ಉದ್ದವನ್ನು ಅಳೆಯದೆ ಒಳಗೆ ಬಿಟ್ಟುಕೊಳ್ಳುವ ಒಂದು ಪ್ರೋಗ್ರಾಂ. ಇಪ್ಪತ್ತಾರು ವರ್ಷಗಳ ಮೇಲೆ, 2014ರಲ್ಲಿ, ಅಂತರಜಾಲದ ಬೀಗವೆಂದೇ ನಂಬಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ನಾಲ್ಕಕ್ಷರ ಕಳಿಸಿ “ಇದು ಅರವತ್ತು ಸಾವಿರ ಅಕ್ಷರ, ಹಾಗೆಯೇ ಹಿಂದಿರುಗಿಸು” ಎಂದರೆ, ಯಂತ್ರ ಎಣಿಸಿ ನೋಡದೆ ತನ್ನ ನೆನಪಿನಲ್ಲಿದ್ದ ಪರರ ಗುಟ್ಟುಗಳನ್ನೂ ಸೇರಿಸಿ ಕೊಡುತ್ತಿತ್ತು. ಮತ್ತೆ ಅದೇ ಉದಾಸೀನ, ಉದ್ದ ಅಳೆಯದ ಉದಾಸೀನ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಎಷ್ಟು ಸಲ ಪಾಠ ಬೇಕು?

ಖರ್ಚು ಹೆಚ್ಚೆಂಬುದು ಅವರ ಉತ್ತರ. ಅದರಲ್ಲಿ ಸತ್ಯವೂ ಇದೆ. 2009ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ‘ಎಸ್‌ಇಎಲ್4’ ಎಂಬ ಪುಟ್ಟ ಕಾರ್ಯವ್ಯವಸ್ಥೆಯ ತಿರುಳು ತನಗೆ ವಿಧಿಸಿದಂತೆಯೇ ನಡೆಯುತ್ತದೆಂದು ಗಣಿತದಿಂದ ಸಾಧಿಸಿದರು. 8,700 ಸಾಲುಗಳಷ್ಟರ ಆ ಸಾಧನೆಗೆ ವರ್ಷಗಳ ದುಡಿಮೆ ಬೇಕಾಯಿತು. ಎಲ್ಲಕ್ಕೂ ಅಂಥ ಸಾಧನೆ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಅಳತೆ ನೋಡುವುದಕ್ಕೆ ಯಾವ ಮಹಾ ಖರ್ಚು? ಆ ತಪಾಸಣೆಯನ್ನು ತಾವೇ ವಹಿಸಿಕೊಳ್ಳುವ ರಸ್ಟ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳೂ ಇವೆ. ತಾನು ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡ 70 ಇಂಥ ಸ್ಮೃತಿ ನಿರ್ವಹಣೆಯ ತಪ್ಪುಗಳೆಂದು ಮೈಕ್ರೋಸಾಫ್ಟ್ 2019ರಲ್ಲಿ ತಾನೇ ಹೇಳಿತು. ಕೊರತೆ ವಿದ್ಯೆಯದಲ್ಲ, ಹೊಣೆಯದು.

ಯುರೋಪ್ ಒಕ್ಕೂಟ 2024ರಲ್ಲಿ ಇದಕ್ಕೆಂದೇ ಕಾನೂನು ಮಾಡಿ ತಯಾರಕನನ್ನೇ ಹೊಣೆಯಾಗಿಸಿತು. ಅದರ ಮುಖ್ಯ ವಿಧಿಗಳಿಗೆ 2027ರ ಡಿಸೆಂಬರ್ ಗಡುವು. ನಮ್ಮ ದೇಶದಲ್ಲೂ ತಯಾರಕನನ್ನು ಹೀಗೆ ಕಟ್ಟಿಹಾಕುವ ಕಾನೂನು ಬರಬೇಕು.

ಕೊನೆಯದಾಗಿ, ಓದುಗ ಬಾಂಧವರಲ್ಲಿ ಒಂದು ಮಾತು. ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ಬರೆದು ಬದುಕುವವರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. “ಮೊದಲು ಬಿಡುಗಡೆಯಾಗಲಿ, ತಪಾಸಣೆ ಆಮೇಲೆ” ಎಂದು ಮೇಲಿನವರು ಅವಸರ ಮಾಡಿದಾಗ “ಆಗದು” ಎನ್ನುವ ಧೈರ್ಯ ಅವರಿಗಿರಲಿ. ಆ ಬೀಗದ ಹಿಂದೆ ಇರುವುದು ಯಾರದೋ ಪಿಂಚಣಿ, ಯಾರದೋ ಮಗಳ ಮದುವೆಯ ಹಣ.