ಬಿಸಿಲಿನ ಅಸಲು ಎಂದು ತೀರುವುದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡನ್ನೂ ಮುಗಿಸಿ, ಇನ್ನು ನೋಡಬೇಕಾದುದು ಏನೂ ಉಳಿದಿಲ್ಲವೆಂದು ನಿಟ್ಟುಸಿರಿಟ್ಟ ಬೆಂಗಳೂರಿನ ಗೃಹಸ್ಥನಿಗೆ ಈಗ ತಾರಸಿಯ ಮೇಲೊಂದು ಹೊಸ ಪರೀಕ್ಷೆ ಕಾದಿದೆ. ಸೌರಫಲಕ ಹಾಕಿಸಬೇಕೆ, ಬೇಡವೆ? ಹಾಕಿಸಿದರೆ ಇಟ್ಟ ಹಣ ಎಷ್ಟು ವರ್ಷಕ್ಕೆ ಮರಳೀತು?

ಆರ್.ಟಿ. ನಗರದ ಒಂದು ಮನೆಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಬಹುದು. ನಿವೃತ್ತರಾದ ಯಜಮಾನರು, ಅವರ ಮಡದಿ, ಇಬ್ಬರೇ. ಮಗನ ಸಂಸಾರ ಯಲಹಂಕದ ಸ್ವಂತ ಮನೆಯಲ್ಲಿದೆ. ಯಜಮಾನರು ಬ್ಯಾಂಕಿನಲ್ಲಿಟ್ಟ ನಿವೃತ್ತಿಯ ಹಣದಲ್ಲಿ ಒಂದು ಠೇವಣಿಗೆ ಅವಧಿ ತುಂಬಿದೆ. ಅದೇ ವಾರ ಸೋಲಾರ್ ಮಾರುವ ತರುಣನೊಬ್ಬ ಬಂದು ಬಣ್ಣದ ಕಾಗದವೊಂದನ್ನು ಕೊಟ್ಟು ಹೋಗಿದ್ದಾನೆ. ‘ನಾಲ್ಕೇ ವರ್ಷದಲ್ಲಿ ಹಣ ವಾಪಸು, ಆಮೇಲೆಲ್ಲ ಬಿಟ್ಟಿ ವಿದ್ಯುತ್ತು’ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ.

ಕಾಗದದ ಲೆಕ್ಕ ಸುಳ್ಳೇನೂ ಅಲ್ಲ. ಮೂರು ಕಿಲೋವಾಟ್ ಸಾಮರ್ಥ್ಯದ ಫಲಕಗಳಿಗೆ ತಾರಸಿಯಲ್ಲಿ ಸುಮಾರು 300 ಚದರಡಿ ಬಿಸಿಲು ಬೀಳುವ ಜಾಗ ಬೇಕು. ಒಟ್ಟು ಖರ್ಚು 1,80,000 ರೂಪಾಯಿ ಎಂದಿಟ್ಟುಕೊಂಡರೆ, 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪಿಎಂ ಸೂರ್ಯ ಘರ್’ ಯೋಜನೆಯಿಂದ 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಮೊದಲು ಪೂರ್ಣ ಹಣ ತೆರಬೇಕು. ಸಹಾಯಧನವು ಫಲಕ ಕೂಡಿಸಿ, ತಪಾಸಣೆ ಮುಗಿದ ಮೇಲೆ ಬ್ಯಾಂಕಿನ ಖಾತೆಗೆ ಬಂದು ಸೇರುತ್ತದೆ. ಕಡೆಗೆ ಕೈಯಿಂದ ಹೋಗುವುದು 1,02,000.

ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವಾಟ್ ಫಲಕವು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತದೆ. ಮಳೆಗಾಲದ ಮೋಡವನ್ನು ಕಳೆದರೂ ಮೂರು ಕಿಲೋವಾಟಿಗೆ ತಿಂಗಳಿಗೆ 350 ಯೂನಿಟ್ಟು ಎಂದು ಹಿಡಿಯಬಹುದು. 2025ರ ಏಪ್ರಿಲಿನಲ್ಲಿ ಜಾರಿಗೆ ಬಂದ ದರದಂತೆ ಮನೆಬಳಕೆಯ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ತೆರಿಗೆ, ಸರ್‌ಚಾರ್ಜುಗಳೂ ಸೇರಿದರೆ ಸುಮಾರು ಆರೂವರೆ ರೂಪಾಯಿ. ತಿಂಗಳಿಗೆ 400 ಯೂನಿಟ್ಟು ಉರಿಸುವ ಮನೆಯಲ್ಲಿ ಈ ಫಲಕಗಳು ತಿಂಗಳಿಗೆ 2,275 ರೂಪಾಯಿಯನ್ನು, ಎಂದರೆ ವರ್ಷಕ್ಕೆ 27,300 ರೂಪಾಯಿಯನ್ನು ಉಳಿಸುತ್ತವೆ. ನಾಲ್ಕು ವರ್ಷ ತುಂಬುವ ಮೊದಲೇ ಅಸಲು ಮರಳುತ್ತದೆ. ನಿಗದಿತ ಶುಲ್ಕವನ್ನು ಮಾತ್ರ ಯಾವ ಸೂರ್ಯನೂ ತಪ್ಪಿಸಲಾರ.

ಯಜಮಾನರು ಇಷ್ಟನ್ನೂ ಬರೆದು, ಅಡಿಗೆರೆ ಎಳೆದು, ಮಡದಿಯ ಮುಂದಿಟ್ಟರು. ಆಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಮನೆಖರ್ಚಿನ ಪುಸ್ತಕವನ್ನು ತಂದರು.

“ನಮ್ಮ ಮನೆಯಲ್ಲಿ 400 ಯೂನಿಟ್ಟು ಎಂದು ಉರಿದಿದೆ? ಇಬ್ಬರೇ ಇರುವ ಮನೆ, 150 ದಾಟುವುದಿಲ್ಲ. ಅದಕ್ಕೂ ನಾವು ಎರಡು ವರ್ಷದಿಂದ ಒಂದು ಕಾಸೂ ಕಟ್ಟಿಲ್ಲ. ಉಳಿಸುವುದಾದರೂ ಏನನ್ನು?”

ಪುಸ್ತಕ ನಿಜವನ್ನೇ ಹೇಳುತ್ತಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ತಂದ ‘ಗೃಹಜ್ಯೋತಿ’ಯಲ್ಲಿ, ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ ಹತ್ತರಷ್ಟನ್ನು ಕೂಡಿಸಿ, 200 ಯೂನಿಟ್ಟಿನ ಮಿತಿಯೊಳಗೆ ವಿದ್ಯುತ್ತು ಉಚಿತ. ಅಂಥ ಮನೆಯಲ್ಲಿ ಫಲಕದಿಂದ ಉಳಿದ ಯೂನಿಟ್ಟಿಗೆ ಬೆಲೆಯೇ ಇಲ್ಲ. ಹಗಲು ಬೀದಿಯ ತಂತಿಗೆ ಹೋದುದನ್ನು ರಾತ್ರಿ ಬಂದುದಕ್ಕೆ ವಜಾ ಹಾಕಿ, ಮಿಕ್ಕುದಕ್ಕೆ ಮಾತ್ರ ಬೆಸ್ಕಾಂ ಹಣ ಕೊಡುತ್ತದೆ. 2014ರಲ್ಲಿ, ಸಹಾಯಧನವಿಲ್ಲದೆ ಫಲಕ ಹಾಕಿಸಿದವರಿಗೆ, ಹೀಗೆ ಮಾರಿದ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದೊರೆಯುತ್ತಿತ್ತು. ಫಲಕಗಳ ಬೆಲೆ ಇಳಿದಂತೆ ಆ ದರವೂ ಇಳಿಯಿತು. ಸಹಾಯಧನ ಪಡೆದವರಿಗೆ ಅದೀಗ ಮೂರು ರೂಪಾಯಿಗೂ ಕಡಿಮೆ. ಎರಡೂವರೆ ಎಂದೇ ಹಿಡಿದರೂ, ಮಿಕ್ಕ 200 ಯೂನಿಟ್ಟಿಗೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ. ಅಸಲು ತೀರಲು ಹದಿನೇಳು ವರ್ಷ! ಅಷ್ಟರೊಳಗೆ ಇನ್ವರ್ಟರನ್ನು ಒಮ್ಮೆಯಾದರೂ ಬದಲಾಯಿಸಬೇಕಾದೀತು.

ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. “ಈ ಹಣ ಬ್ಯಾಂಕಿನಲ್ಲೇ ಇದ್ದರೆ ನೂರಕ್ಕೆ ಏಳರಂತೆ ವರ್ಷಕ್ಕೆ 7,000ದ ಮೇಲೆ ಬಡ್ಡಿ ಬರುತ್ತದೆ. ಬಿಸಿಲು ತರುವುದು 6,000. ಹದಿನೇಳು ವರ್ಷವಲ್ಲ, ಈ ಜನ್ಮಕ್ಕೇ ಅಸಲು ತೀರುವುದಿಲ್ಲ!”

ಯಜಮಾನರು ಸುಲಭವಾಗಿ ಸೋಲುವವರಲ್ಲ. “ಸಹಾಯಧನದ ಯೋಜನೆ ಇರುವುದು 2026-27ರವರೆಗೆ. ಉಚಿತ ವಿದ್ಯುತ್ತೂ ಶಾಶ್ವತವೆಂದು ಯಾರು ಹೇಳಬಲ್ಲರು? ಅದಿರಲಿ, ಕರೆಂಟು ಹೋದಾಗಲಾದರೂ ನಮ್ಮ ಮನೆಯಲ್ಲಿ ಬೆಳಕಿರುವುದಿಲ್ಲವೆ?”

ಕಡೆಯ ಮಾತಿನಲ್ಲಿ ಅನೇಕರು ಎಡವುತ್ತಾರೆ. ಬೀದಿಯ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ಬ್ಯಾಟರಿಯಿಲ್ಲದ ಈ ಏರ್ಪಾಡೂ ತಾನಾಗಿ ನಿಲ್ಲುತ್ತದೆ. ಮನೆಯಿಂದ ಹೊರಟ ವಿದ್ಯುತ್ತು ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಎರವಾಗಬಾರದೆಂದೇ ಹಾಗೆ ಮಾಡಿರುವುದು. ಬ್ಯಾಟರಿ ಬೇಕೆಂದರೆ ಖರ್ಚು ಬೇರೆ, ವರ್ಷಗಳ ಲೆಕ್ಕವೂ ಬೇರೆ.

ಮೊದಲೆರಡು ಮಾತುಗಳಲ್ಲಿ ಸತ್ಯಾಂಶವಿದೆ. ಉಚಿತ ವಿದ್ಯುತ್ತು ನಿಂತುಹೋದ ಪಕ್ಷದಲ್ಲಿ ಇದೇ ಮನೆಗೆ ತಿಂಗಳಿಗೆ 1,475 ರೂಪಾಯಿಯ ಲಾಭ; ಆಗ ಅಸಲು ಆರು ವರ್ಷದೊಳಗೆ ತೀರುತ್ತದೆ. ಆದರೆ ಎಂದೋ ಬರಬಹುದಾದ ಬಿಲ್ಲಿಗಾಗಿ ಇಂದಿನ ಠೇವಣಿಯನ್ನು ಮುರಿಯುವುದು ಪಿಂಚಣಿಯ ಸಂಸಾರಕ್ಕೆ ಹಗುರವಾದ ಮಾತಲ್ಲ. ಪಕ್ಕದ ನಿವೇಶನದಲ್ಲಿ ನಾಲ್ಕಂತಸ್ತಿನ ಮನೆ ಬೇರೆ ಏಳುತ್ತಿತ್ತು. ಫಲಕಗಳನ್ನು ಒಂದೇ ಸರಪಳಿಯಾಗಿ ಜೋಡಿಸಿರುವಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಮಿಕ್ಕವುಗಳ ದುಡಿಮೆ ಕುಗ್ಗುತ್ತದೆ. ಮೇಲೆ ಅಂತಸ್ತು ಏಳಲಿರುವ ಊರಿನಲ್ಲಿ ಇಂದಿನ ಬಿಸಿಲನ್ನು ನಂಬಿ ಇಪ್ಪತ್ತೈದು ವರ್ಷದ ಲೆಕ್ಕ ಬರೆಯುವುದು ಜಾಣತನವಲ್ಲ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬಳಿಕ ಆಕೆಯೇ ಕೇಳಿದರು: “ಯಲಹಂಕದ ಮನೆಯಲ್ಲಿ ಎಷ್ಟು ಉರಿಯುತ್ತದೆ?”

ಮಗನಿಗೆ ಫೋನು ಹೋಯಿತು. ಗೀಸರು, ಬಟ್ಟೆ ಒಗೆಯುವ ಯಂತ್ರ, ಎಲೆಕ್ಟ್ರಿಕ್ ಸ್ಕೂಟರು ಎಲ್ಲ ಸೇರಿ 400 ಯೂನಿಟ್ಟು. 200 ದಾಟಿದ್ದರಿಂದ ಅಷ್ಟಕ್ಕೂ ಪೂರಾ ಬಿಲ್ಲು. ತಾರಸಿಗೆ ದಕ್ಷಿಣದಲ್ಲಿ ರಸ್ತೆ, ನೆರಳಿನ ಭಯವಿಲ್ಲ. ವರ್ಷವಿಡೀ ಒಳ್ಳೆಯ ಬಿಸಿಲು ದೊರೆಯಲು ಈ ಊರಿನಲ್ಲಿ ಫಲಕವನ್ನು ದಕ್ಷಿಣಕ್ಕೆ ಮುಖಮಾಡಿ ಕೊಂಚ ಓರೆಯಾಗಿ ನಿಲ್ಲಿಸುವುದು ವಾಡಿಕೆ.

“ಹಣ ಅವನಿಗೆ ಕೊಡೋಣ. ಫಲಕ ಅಲ್ಲಿ ಕೂರಲಿ. ಬಿಲ್ಲಿನಲ್ಲಿ ಉಳಿದುದನ್ನು ಅವನು ತಿಂಗಳು ತಿಂಗಳು ನಮಗೆ ಕಟ್ಟಲಿ. ಬಡ್ಡಿ ಸೇರಿದರೂ ನಾಲ್ಕೂವರೆ ವರ್ಷದಲ್ಲಿ ಮುಗಿಯುತ್ತದೆ. ಮಿಕ್ಕ ವರ್ಷಗಳ ಬಿಸಿಲು ಮೊಮ್ಮಕ್ಕಳದಾಗಲಿ.”

ಬಣ್ಣದ ಕಾಗದದ ನಾಲ್ಕು ವರ್ಷವೂ ನಿಜ, ಆಕೆಯ ಹದಿನೇಳು ವರ್ಷವೂ ನಿಜ. ಫಲಕ ಒಂದೇ, ಸೂರ್ಯನೂ ಒಬ್ಬನೇ. ಬೇರೆಯಾದುದು ಮನೆಯ ಬಿಲ್ಲು. ಹಾಕಿಸುವ ಮುನ್ನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು, ಬಳಕೆಗೆ ತಕ್ಕಷ್ಟೇ ಫಲಕವನ್ನು ಆರಿಸಿಕೊಂಡವರಿಗೆ ಪಶ್ಚಾತ್ತಾಪವಿಲ್ಲ.

ಯಜಮಾನರು ಕಾಗದವನ್ನು ಮಡಿಸಿ, ಯಲಹಂಕಕ್ಕೆ ಕಳಿಸಲೆಂದು ತೆಗೆದಿಟ್ಟರು. “ಹಾಗಾದರೆ ನಮ್ಮ ತಾರಸಿಯ ಬಿಸಿಲೆಲ್ಲ ವ್ಯರ್ಥ” ಎಂದರು, ಸ್ವಲ್ಪ ಬೇಸರದಿಂದ.

“ವ್ಯರ್ಥ ಹೇಗಾದೀತು? ನಾಳೆ ಸಂಡಿಗೆ ಇಡುವುದಿದೆ” ಎಂದು ಆಕೆ ಪುಸ್ತಕವನ್ನು ಮುಚ್ಚಿದರು.