ಬಂದೂಕು ಬೇಡ, ದುರ್ಬೀನು ಸಾಕು

ದುಬೈಗೆ ಹೊಸದಾಗಿ ಬರುವ ನಮ್ಮ ಹಾವೇರಿ ಕಡೆಯ ಹುಡುಗರು ಮರುಭೂಮಿ ಕಂಡೊಡನೆ, "ಅಣ್ಣಾ, ಇಲ್ಲಿ ಜಿಂಕೆ ಬೇಟೆ ಆಡಬಹುದಾ?" ಎನ್ನುತ್ತಾರೆ. ಬೇಡ ತಮ್ಮಾ, ಇಲ್ಲಿ ಅದು ಅಪರಾಧ.

ಜಿಂಕೆಯಂತಿರುವ, ನೀಳ ಕೊಂಬಿನ ಬಿಳಿ ಓರಿಕ್ಸ್ ಕಥೆ ಕೇಳಿ. ಜೀಪು, ರೈಫಲ್ಲು ಹಿಡಿದ ಬೇಟೆಗಾರರ ಕೈಗೆ ಸಿಕ್ಕು 1972ರಲ್ಲಿ ಒಮಾನಿನಲ್ಲಿ ಅದರ ಕೊನೆಯ ಕಾಡು ಹಿಂಡೂ ಅಳಿಯಿತು. ಅದೇ ವರ್ಷ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ ಆಸರೆಯಾಯಿತು. ಇಲ್ಲಿ ಯುಎಇ ಸ್ಥಾಪಕ ಶೇಖ್ ಜಾಯೆದ್ ಅಲ್ ಐನ್ ನಗರದಲ್ಲಿ ಓರಿಕ್ಸ್‌ಗಳನ್ನು ಸಾಕಿ ಬೆಳೆಸಿದರು. ಇಂದು ಅವು ಅಬುಧಾಬಿಯ ಸರ್ ಬನಿ ಯಾಸ್ ದ್ವೀಪದಲ್ಲೂ ದುಬೈನ ಅಲ್ ಮರ್ಮೂಮ್ ಮರುಭೂಮಿಯಲ್ಲೂ ಮೇಯುತ್ತಿವೆ. ಇಷ್ಟು ಕಷ್ಟಪಟ್ಟು ಉಳಿಸಿದ ಜೀವಕ್ಕೆ ಗುರಿ ಇಡುವ ಮನಸ್ಸಾದರೂ ಹೇಗೆ ಬಂದೀತು?

ನೋಡಬೇಕೆಂದರೆ ಚಳಿಗಾಲದ ಮುಂಜಾನೆ ಅಲ್ ಮರ್ಮೂಮ್‌ನ ಅಲ್ ಕುದ್ರಾ ಕೆರೆಗಳ ಕಡೆ ಹೋಗಿ. ಬಿಸಿಲೇರಿದರೆ ಓರಿಕ್ಸ್‌ಗಳು ಗಾಫ್ ಮರದ, ಅಂದರೆ ನಮ್ಮ ಬನ್ನಿ ಮರದ, ನೆರಳು ಸೇರುತ್ತವೆ. ದೂರದಲ್ಲೇ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ದುರ್ಬೀನಿನಲ್ಲಿ ನೋಡಿ. ಫೋಟೋಗಾಗಿ ಅಟ್ಟಬೇಡಿ, ಆ ಸುಡುನೆಲದಲ್ಲಿ ಓಡಿ ಕಳೆದುಕೊಂಡ ನೀರು ಸುಲಭಕ್ಕೆ ಮರಳಿ ಸಿಗದು. ಬ್ರೆಡ್ಡು, ಬಾಳೆಹಣ್ಣು ಎಸೆಯಬೇಡಿ. ಪ್ಲಾಸ್ಟಿಕ್ ಚೀಲವನ್ನಂತೂ ಅಲ್ಲಿ ಬಿಟ್ಟು ಬರಲೇಬೇಡಿ.