ಆ ಗಳಿಗೆಯಲ್ಲಿ ಯಂತ್ರದ ಮಾತೇ ನಡೆಯಲಿ

2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಎರಡು ಇಂಡಿಗೋ ವಿಮಾನಗಳು ಹತ್ತಿರ ಬಂದವು. ಒಂದು ಕೊಯಮತ್ತೂರಿನಿಂದ ಹೈದರಾಬಾದಿಗೆ, ಇನ್ನೊಂದು ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿತ್ತು. ಸುಮಾರು 27,000 ಅಡಿ ಎತ್ತರದಲ್ಲಿ ಅವುಗಳ ನಡುವಿನ ಲಂಬ ಅಂತರ 200 ಅಡಿಗೆ ಕುಸಿಯಿತು. ಮುನ್ನೂರಕ್ಕೂ ಹೆಚ್ಚು ಜೀವಗಳನ್ನು ಕಾಪಾಡಿದ್ದು ಟಿಕಾಸ್ ಎಂಬ ಡಿಕ್ಕಿ ತಡೆ ಸಾಧನದ ಎಚ್ಚರಿಕೆ. ಇಂಥ ಎಚ್ಚರಿಕೆ ಮೊಳಗಿದಾಗ ಪೈಲಟ್ ಬೇರಾರ ಮಾತಿಗೂ ಕಾಯದೆ ಅದನ್ನೇ ಪಾಲಿಸಬೇಕು ಎಂಬ ನಿಯಮವನ್ನು ಯಾವ ಕಾರಣಕ್ಕೂ ಸಡಿಲಿಸಬಾರದು.

ಇಡೀ ಆಕಾಶವನ್ನು ನೋಡುತ್ತಿರುವ ವಾಯು ಸಂಚಾರ ನಿಯಂತ್ರಕನನ್ನು ಬಿಟ್ಟು ಯಂತ್ರವನ್ನು ನಂಬುವುದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಟಿಕಾಸ್ ಎದುರಿನ ವಿಮಾನದ ಸಾಧನದೊಂದಿಗೆ ಹೊಂದಿಸಿಕೊಂಡೇ ಒಬ್ಬರಿಗೆ ಏರಿ, ಇನ್ನೊಬ್ಬರಿಗೆ ಇಳಿಯಿರಿ ಎನ್ನುತ್ತದೆ. ಆ ಒಪ್ಪಂದ ನೆಲದಲ್ಲಿರುವ ನಿಯಂತ್ರಕನಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ರಷ್ಯಾದ ಟುಪೊಲೆವ್ ವಿಮಾನಕ್ಕೆ ಯಂತ್ರ ಏರು ಎಂದಿತು, ನಿಯಂತ್ರಕ ಇಳಿ ಎಂದ. ಪೈಲಟ್‌ಗಳು ಇಳಿದರು. ಅದರ ದಾರಿಗೆ ಅಡ್ಡ ಬರುತ್ತಿದ್ದ ಸರಕು ವಿಮಾನವೂ ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. ಎರಡೂ ಡಿಕ್ಕಿಯಾಗಿ 71 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಯಂತ್ರವೂ ತಪ್ಪಬಹುದು, ನಿಜ. ಆದರೆ ಅನಗತ್ಯವಾಗಿ ಕೆಲವು ನೂರು ಅಡಿ ಏರಿದ ವಿಮಾನ ಮತ್ತೆ ತನ್ನ ಎತ್ತರಕ್ಕೆ ಮರಳಬಲ್ಲದು. ಹಾಗೆಂದು ಟಿಕಾಸ್ ಇದೆಯೆಂದು ನಿಯಂತ್ರಣ ಕೊಠಡಿಯಲ್ಲಿ ಸಿಬ್ಬಂದಿ ಕಡಿಮೆ ಮಾಡುವುದು ಅಕ್ಷಮ್ಯ. ಟಿಕಾಸ್ ಕಟ್ಟಕಡೆಯ ಬೇಲಿ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತಾಗ ಆ ಬೇಲಿಯೂ ಇರಲಿಲ್ಲ.